ಮನಸ್ಸಿನ ಗಾಯಕ್ಕೆ ಕಾರಣ ತೋರಿಸಬೇಕಾದವರು ಯಾರು? ಸೈನಿಕರ ಅಂಗವೈಕಲ್ಯ ಪಿಂಚಣಿಯ ತಕರಾರು

ಸೇನೆಯಲ್ಲಿದ್ದಾಗ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಕಾಣಿಸಿಕೊಂಡು ಸೇವೆಯಿಂದ ಬಿಡುಗಡೆಯಾದ ಒಬ್ಬ ಸೈನಿಕರಿಗೆ ಅಂಗವೈಕಲ್ಯ ಪಿಂಚಣಿ ಸಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಅಕ್ಟೋಬರ್‌ನಲ್ಲಿ ಹೇಳಿತು. ಅದೇ ಕಾಯಿಲೆಯಿಂದ ಕೆಲಸ ಕಳೆದುಕೊಂಡ ಇನ್ನೊಬ್ಬ ಸೈನಿಕರಿಗೆ ಪಿಂಚಣಿ ಕೊಡಲೇಬೇಕು ಎಂದು ಅದೇ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ದೆಹಲಿ ಹೈಕೋರ್ಟ್, ಅಂಗವೈಕಲ್ಯ ಪಿಂಚಣಿ ಮಂಜೂರು ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಆದೇಶಗಳನ್ನು ಪ್ರಶ್ನಿಸಿ ಕೇಂದ್ರ ಸರ್ಕಾರ ಸಲ್ಲಿಸಿದ್ದ ಸುಮಾರು 300 ಅರ್ಜಿಗಳನ್ನು ಒಟ್ಟಿಗೆ ವಜಾಗೊಳಿಸಿತು. ಇಷ್ಟಾದರೂ ರಕ್ಷಣಾ ಸಚಿವಾಲಯ 2023ರಲ್ಲಿ ತಂದ ಬಿಗಿ ನಿಯಮಗಳು ಜಾರಿಯಲ್ಲೇ ಇವೆ. ಹಾಗಾದರೆ ಕರ್ತವ್ಯದಲ್ಲಿದ್ದಾಗ ಮನೋರೋಗಕ್ಕೆ ತುತ್ತಾದ ಸೈನಿಕರಿಗೆ ಪಿಂಚಣಿ ಉಂಟೋ ಇಲ್ಲವೋ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ.

ಮೇಲ್ನೋಟಕ್ಕೆ ಇದು ವೈದ್ಯಶಾಸ್ತ್ರದ ವಿವಾದದಂತೆ ಕಾಣುತ್ತದೆ. ಆದರೆ ತೀರ್ಪುಗಳನ್ನೂ ನಿಯಮಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಜಗಳದ ಮೂಲ ಬೇರೆ ಕಡೆ ಇರುವುದು ತಿಳಿಯುತ್ತದೆ. ಕಾಯಿಲೆಗೆ ಕಾರಣ ಏನೆಂದು ಖಚಿತವಾಗಿ ಯಾರಿಗೂ ಹೇಳಲಾಗದಿರುವಾಗ, ಆ ಅನಿಶ್ಚಿತತೆಯ ನಷ್ಟವನ್ನು ಸೈನಿಕ ಹೊರಬೇಕೇ, ಸರ್ಕಾರ ಹೊರಬೇಕೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಪಿಂಚಣಿ ನಿಂತಿರುವ ಎರಡು ಕಂಬಗಳು

1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮ ಎರಡು ಷರತ್ತುಗಳನ್ನು ಹಾಕುತ್ತದೆ. ಮೊದಲನೆಯದು, ಅಂಗವೈಕಲ್ಯದ ಪ್ರಮಾಣ ಶೇ 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಎರಡನೆಯದು, ಆ ಅಂಗವೈಕಲ್ಯ ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದಾಗಿ ಉಲ್ಬಣಿಸಿರಬೇಕು. ಸೇವೆಯಿಂದ ಬಿಡುಗಡೆ ಮಾಡುವ ಮುನ್ನ ಸೇನಾ ವೈದ್ಯರ ಮಂಡಳಿ ಸೈನಿಕರನ್ನು ಪರೀಕ್ಷಿಸಿ ಈ ಎರಡರ ಬಗ್ಗೆಯೂ ಅಭಿಪ್ರಾಯ ಬರೆಯುತ್ತದೆ. ಉಂಟಾದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದು ಮಂಡಳಿ ಬರೆದರೆ ಸೇನೆಯ ಕಡತಗಳಲ್ಲಿ ಅದನ್ನು ‘ಎನ್‌ಎಎನ್‌ಎ’ ಎಂಬ ನಾಲ್ಕು ಅಕ್ಷರಗಳಲ್ಲಿ ನಮೂದಿಸುತ್ತಾರೆ. ಮನೋರೋಗದ ಪ್ರಕರಣಗಳ ಬಹುತೇಕ ವ್ಯಾಜ್ಯಗಳು ಹುಟ್ಟುವುದು ಈ ನಾಲ್ಕು ಅಕ್ಷರಗಳಿಂದ.

ಹಣದ ಲೆಕ್ಕದಲ್ಲಿ ಇದರ ತೂಕ ಎಷ್ಟು? ಯುದ್ಧದ ಗಾಯವಲ್ಲದ ಸಂದರ್ಭದಲ್ಲಿ, ಶೇ 100ರಷ್ಟು ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಮೊತ್ತವನ್ನು ಅಂಗವೈಕಲ್ಯದ ಅಂಶವಾಗಿ ಕೊಡಲಾಗುತ್ತದೆ; ಪ್ರಮಾಣ ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. ಉದಾಹರಣೆಗೆ ಕೊನೆಯ ವೇತನ 40,000 ರೂಪಾಯಿ ಇದ್ದರೆ ಶೇ 100ಕ್ಕೆ 12,000 ರೂಪಾಯಿ, ಶೇ 20ಕ್ಕೆ 2,400 ರೂಪಾಯಿ. ಶೇ 50ಕ್ಕಿಂತ ಕಡಿಮೆ ಇರುವುದನ್ನು ಶೇ 50ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯವನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ, ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು. ಆ ಸೌಲಭ್ಯ ಅನ್ವಯಿಸಿದರೆ ಅದೇ 2,400 ರೂಪಾಯಿ 6,000 ರೂಪಾಯಿ ಆಗುತ್ತದೆ.

ಆದರೆ ಈ ಅಂಕಿಗಳಷ್ಟನ್ನೇ ನೋಡಿದರೆ ವಿಷಯದ ಅರ್ಧ ಮಾತ್ರ ಗೊತ್ತಾಗುತ್ತದೆ. ಸಾಮಾನ್ಯ ಸಿಪಾಯಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷಗಳ ಸೇವೆ ಆಗಿರಬೇಕು. ಎಂಟೊಂಬತ್ತನೇ ವರ್ಷದಲ್ಲಿ ಮನೋರೋಗದ ಕಾರಣಕ್ಕೆ ‘ಬೋರ್ಡ್ ಔಟ್’ ಆದವರಿಗೆ, ಅಂದರೆ ವೈದ್ಯರ ಮಂಡಳಿ ಅನರ್ಹರೆಂದು ಸೇವೆಯಿಂದ ಹೊರಕಳಿಸಿದವರಿಗೆ, ಅಂಗವೈಕಲ್ಯ ಪಿಂಚಣಿ ಮಂಜೂರಾದರೆ ಅದರೊಳಗೇ ಸೇವೆಯ ಅಂಶವೂ ಸೇರಿ ಜೀವನಪರ್ಯಂತ ಬರುತ್ತದೆ. ಮಂಜೂರಾಗದಿದ್ದರೆ ಹಿಂದಿನ ಕಾಲದಲ್ಲಿ ಒಂದಿಷ್ಟು ಗ್ರಾಚ್ಯುಟಿ ಪಡೆದು ಮನೆಗೆ ಹೋಗಬೇಕಿತ್ತು, ಅಷ್ಟೇ. ಹತ್ತು ವರ್ಷ ತುಂಬದವರಿಗೂ ಅಶಕ್ತತಾ ಪಿಂಚಣಿ ಕೊಡುವ ಆದೇಶ 2020ರಲ್ಲಿ ಬಂದಿತಾದರೂ ಅದು 2019ರ ಜನವರಿ 4ರಂದು ಅಥವಾ ಆನಂತರ ಸೇವೆಯಲ್ಲಿದ್ದವರಿಗೆ ಮಾತ್ರ ಅನ್ವಯಿಸುತ್ತದೆ. ಅದೂ ಸೇನೆಯ ಕೆಲಸಕ್ಕಷ್ಟೇ ಅಲ್ಲ, ನಾಗರಿಕ ಉದ್ಯೋಗಕ್ಕೂ ಶಾಶ್ವತವಾಗಿ ಅಸಮರ್ಥರಾದವರಿಗೆ. ಇದರ ಜೊತೆಗೆ, ಮಾಜಿ ಸೈನಿಕರ ಇಸಿಎಚ್‌ಎಸ್ ವೈದ್ಯಕೀಯ ಸೌಲಭ್ಯ ಪಿಂಚಣಿಗೆ ತಳಕು ಹಾಕಿಕೊಂಡಿದೆ. ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ ಕಾಯಿಲೆಯವರ ವಿಷಯದಲ್ಲಿ, ಪಿಂಚಣಿ ನಿರಾಕರಣೆಯೆಂದರೆ ಚಿಕಿತ್ಸೆಯ ನಿರಾಕರಣೆಯೂ ಹೌದು.

ಮೂರು ನಿಯಮಾವಳಿಗಳಲ್ಲಿ ಹೊಣೆ ಜಾರಿದ ಬಗೆ

1982ರ ಅರ್ಹತಾ ನಿಯಮಗಳು ಒಂದು ಸರಳ ಊಹೆಯಿಂದ ಹೊರಡುತ್ತವೆ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯನ್ನೂ ಬರೆದಿರದಿದ್ದರೆ, ಆ ವ್ಯಕ್ತಿ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತನಾಗಿದ್ದ ಎಂದು ಭಾವಿಸಬೇಕು. ಆಮೇಲೆ ವೈದ್ಯಕೀಯ ಕಾರಣಕ್ಕೆ ಬಿಡುಗಡೆಯಾದರೆ ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕು. ಅದೇ ನಿಯಮಗಳ 9ನೇ ಕಲಮು, ಅರ್ಹತೆಯನ್ನು ಸಾಬೀತು ಮಾಡುವಂತೆ ಅರ್ಜಿದಾರರನ್ನು ಕೇಳುವಂತಿಲ್ಲ, ಸಮಂಜಸವಾದ ಸಂಶಯವೇನಾದರೂ ಇದ್ದರೆ ಅದರ ಲಾಭ ಅವರಿಗೇ ಸಲ್ಲಬೇಕು ಎನ್ನುತ್ತದೆ. 14ನೇ ಕಲಮಿನಲ್ಲಿ ಸರ್ಕಾರಕ್ಕೂ ಒಂದು ದಾರಿ ಬಿಟ್ಟಿದ್ದಾರೆ: ನೇಮಕಾತಿಯ ಪರೀಕ್ಷೆಯಲ್ಲಿ ಈ ಕಾಯಿಲೆಯನ್ನು ಪತ್ತೆ ಹಚ್ಚಲು ಸಾಧ್ಯವೇ ಇರಲಿಲ್ಲ ಎಂದು ವೈದ್ಯರು ಕಾರಣ ಸಹಿತ ಹೇಳಿದರೆ, ಅದು ಸೇವೆಯಲ್ಲಿ ಹುಟ್ಟಿದ್ದಲ್ಲ ಎಂದು ಪರಿಗಣಿಸಬಹುದು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಈ ನಿಯಮಗಳಿಗೆ ಲಗತ್ತಿಸಿದ ಕಾಯಿಲೆಗಳ ವರ್ಗೀಕರಣದಲ್ಲಿ ಮನೋವಿಕೃತಿ ಮತ್ತು ಮನೋದೌರ್ಬಲ್ಯಗಳನ್ನು ಒತ್ತಡ ಮತ್ತು ಆಯಾಸದಿಂದ ಬಾಧಿತವಾಗುವ ಕಾಯಿಲೆಗಳ ಪಟ್ಟಿಯಲ್ಲಿ ಮೊದಲಿಗೇ ಸೇರಿಸಲಾಗಿತ್ತು.

2008ರ ಜನವರಿ 1ರಿಂದ ಅನ್ವಯವಾದ ನಿಯಮಗಳು ಈ ಊಹೆಯನ್ನು ಕೈಬಿಟ್ಟವು. ನೇಮಕಾತಿಯ ವೈದ್ಯಕೀಯ ಪರೀಕ್ಷೆಗೆ ಮಿತಿಗಳಿವೆ, ಸುಪ್ತ ಕಾಯಿಲೆಗಳು ಅದರಲ್ಲಿ ಸಿಕ್ಕಿಬೀಳದೆ ಹೋಗಬಹುದು, ಆನುವಂಶಿಕ ಮತ್ತು ದೇಹಪ್ರಕೃತಿಗೆ ಸೇರಿದ ಕೆಲವು ಕಾಯಿಲೆಗಳು ಸೇವೆಯ ಪರಿಸ್ಥಿತಿ ಹೇಗೇ ಇದ್ದರೂ ಮುಂದೆ ಕಾಣಿಸಿಕೊಳ್ಳಬಹುದು, ಆದ್ದರಿಂದ ಸೇವೆಯ ಅವಧಿಯಲ್ಲಿ ಕಾಯಿಲೆ ಬಂತು ಎಂಬುದಷ್ಟೇ ಸಾಲದು, ಸೇವೆಗೂ ಕಾಯಿಲೆಗೂ ಕಾರ್ಯಕಾರಣ ಸಂಬಂಧವನ್ನು ಸ್ಥಾಪಿಸಬೇಕು ಎಂಬುದು ಹೊಸ ನಿಲುವು. 2023ರ ಸೆಪ್ಟೆಂಬರ್ 21ರ ನಿಯಮಗಳು ಇನ್ನೂ ಬಿಗಿಯಾಗಿ, ಕಾಯಿಲೆ ಇದ್ದರೂ ಅವಧಿ ಮುಗಿಯುವವರೆಗೆ ಸೇವೆಯಲ್ಲಿ ಉಳಿದವರಿಗೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಪ್ರತ್ಯೇಕ ಪರಿಹಾರವನ್ನು ಸೃಷ್ಟಿಸಿದವು. ವೈದ್ಯಾಧಿಕಾರಿಗಳ ಮಾರ್ಗದರ್ಶಿ ಕೈಪಿಡಿಯೂ ಅದರ ಜೊತೆಗೆ ಹೊಸದಾಯಿತು.

ನಾಲ್ಕು ದಶಕಗಳಲ್ಲಿ ಆದ ಬದಲಾವಣೆ ಇದು: ಮೊದಲು, ಕಾರಣ ಗೊತ್ತಿಲ್ಲದಿದ್ದರೆ ಸೈನಿಕ ಗೆಲ್ಲುತ್ತಿದ್ದ. ಈಗ, ಕಾರಣ ಗೊತ್ತಿಲ್ಲದಿದ್ದರೆ ಸೈನಿಕ ಸೋಲುವ ಸಂಭವ ಹೆಚ್ಚು. ಮೊಣಕಾಲಿನ ಗಾಯಕ್ಕೆ ಈ ಬದಲಾವಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ, ಏಕೆಂದರೆ ಗಾಯ ಆದ ದಿನ, ಜಾಗ, ಸಂದರ್ಭ ಎಲ್ಲವೂ ದಾಖಲೆಯಲ್ಲಿ ಇರುತ್ತವೆ. ಮನೋರೋಗಕ್ಕೆ ಮಾತ್ರ ಇದೇ ಸರ್ವಸ್ವ.

ವೈದ್ಯಶಾಸ್ತ್ರ ಕೈಚೆಲ್ಲುವ ಜಾಗ

ಮಾನಸಿಕ ಕಾಯಿಲೆಗಳಲ್ಲಿ ಒಂದೇ ಒಂದು ಮುಖ್ಯ ರೋಗನಿರ್ಣಯ ತನ್ನ ಹೆಸರಿನಲ್ಲೇ ಕಾರಣವನ್ನು ಇಟ್ಟುಕೊಂಡಿದೆ. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಒಂದು ಭೀಕರ ಘಟನೆಯಿಲ್ಲದೆ ಬರುವುದಿಲ್ಲ ಎಂಬುದು ಅದರ ವ್ಯಾಖ್ಯೆಯಲ್ಲೇ ಅಡಗಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಸೇರ್ಪಡೆಯಾದದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಸಂಕಟ ಕಣ್ಣ ಮುಂದಿದ್ದ ಕಾಲದಲ್ಲಿ. ಆ ದೇಶದಲ್ಲಿಯೂ ಘಟನೆ ನಡೆದದ್ದಕ್ಕೆ ಪುರಾವೆ ಕೊಡಿ ಎಂಬ ಒತ್ತಾಯ ಬಹುಕಾಲ ನಡೆಯಿತು. 2010ರಲ್ಲಿ ನಿಯಮ ಸಡಿಲಿಸಿ, ಶತ್ರುವಿನ ಅಥವಾ ಭಯೋತ್ಪಾದಕರ ದಾಳಿಯ ಭೀತಿಯಲ್ಲಿ ಇದ್ದೆ ಎಂಬ ಸೈನಿಕರ ಮಾತು ಅವರ ಸೇವೆಯ ಸ್ಥಳಕ್ಕೂ ಸ್ವರೂಪಕ್ಕೂ ಹೊಂದಿಕೆಯಾದರೆ, ಸರ್ಕಾರಿ ಮನೋವೈದ್ಯರು ಅದನ್ನು ದೃಢಪಡಿಸಿದರೆ ಸಾಕು ಎಂದು ಅಲ್ಲಿನ ಆಡಳಿತ ಒಪ್ಪಿಕೊಂಡಿತು. ಅಲ್ಲಿ ಬದಲಾದದ್ದು ವೈದ್ಯಶಾಸ್ತ್ರವಲ್ಲ, ಪುರಾವೆಯ ಹೊಣೆ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆಗಳ ಸ್ವರೂಪ ಹೀಗಲ್ಲ. ಇವುಗಳಲ್ಲಿ ಆನುವಂಶಿಕತೆಯ ಪಾಲು ಇದೆ. ಒತ್ತಡ, ನಿದ್ರೆಗೇಡು, ಒಂಟಿತನಗಳ ಪಾಲೂ ಇದೆ. ಒಬ್ಬ ನಿರ್ದಿಷ್ಟ ರೋಗಿಯಲ್ಲಿ ಯಾವುದರ ಪಾಲು ಎಷ್ಟು ಎಂದು ಅಳೆದು ಹೇಳುವ ಪರೀಕ್ಷೆ ಇಲ್ಲ. ವಿಷಯವನ್ನು ಇನ್ನಷ್ಟು ಕಗ್ಗಂಟು ಮಾಡುವುದು ವಯಸ್ಸು. ಗಂಡಸರಲ್ಲಿ ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಿನವರೆಗೆ. ಸೇನೆ ಯುವಕರನ್ನು ಸೇರಿಸಿಕೊಂಡು ತರಬೇತಿ ಕೊಟ್ಟು ಗಡಿಗೆ ಕಳುಹಿಸುವುದೂ ಅದೇ ವಯಸ್ಸಿನಲ್ಲಿ. ಹೀಗಾಗಿ ಊರಿನಲ್ಲೇ ಇದ್ದರೂ ಬರುತ್ತಿತ್ತು ಎಂದು ಸರ್ಕಾರ ವಾದಿಸಬಹುದು, ಊರಿನಲ್ಲೇ ಇದ್ದಿದ್ದರೆ ಬರುತ್ತಲೇ ಇರಲಿಲ್ಲ ಎಂದು ಸೈನಿಕರ ಕುಟುಂಬ ವಾದಿಸಬಹುದು; ಎರಡನ್ನೂ ಸುಳ್ಳೆಂದು ತೋರಿಸಲು ಯಾರಿಂದಲೂ ಆಗುವುದಿಲ್ಲ.

ಕೈಪಿಡಿ ಒಪ್ಪುವ ಸಂದರ್ಭಗಳು

ಈ ಅನಿಶ್ಚಿತತೆಯನ್ನು ದಾಟಲು ಸೇನಾ ವೈದ್ಯಾಧಿಕಾರಿಗಳ ಕೈಪಿಡಿ ಸಂದರ್ಭಗಳ ಮೊರೆ ಹೋಗುತ್ತದೆ. ನ್ಯಾಯಾಲಯಗಳ ಮುಂದೆ ಬಂದ ಹಲವು ಪ್ರಕರಣಗಳಿಗೆ ಆಧಾರವಾದ ಹಿಂದಿನ ಆವೃತ್ತಿಯ 54ನೇ ಪ್ಯಾರಾದ ಪ್ರಕಾರ, ಕದನ ಪ್ರದೇಶ ಅಥವಾ ಬಂಡಾಯ ನಿಗ್ರಹ ಕಾರ್ಯಾಚರಣೆ, ಅತಿ ಎತ್ತರದ ಪ್ರದೇಶ, ಜನಸಂಪರ್ಕವಿಲ್ಲದ ತೀರಾ ಒಂಟಿ ಠಾಣೆ, ಜಲಾಂತರ್ಗಾಮಿ ಅವಘಡ, ಶವಗಳ ನಡುವೆ ಕೆಲಸ ಮಾಡಬೇಕಾದ ಭೂಕಂಪ, ಸುನಾಮಿಯಂಥ ವಿಪತ್ತುಗಳು, ಇವುಗಳ ನಡುವೆ ಮನೋರೋಗ ಹುಟ್ಟಿದರೆ ಅದು ಸೇವೆಯಿಂದಲೇ ಉಂಟಾದದ್ದು ಎಂದು ಒಪ್ಪಬಹುದು.

ಇನ್ನೊಂದು ಭಾಗ ಇದಕ್ಕಿಂತ ಕುತೂಹಲಕರ. ಸೇವೆಯ ತುರ್ತಿನ ಕಾರಣಕ್ಕೆ ರಜೆ ನಿರಾಕರಿಸಿದ ಮೂರು ತಿಂಗಳೊಳಗೆ ಮನೋರೋಗ ಕಾಣಿಸಿಕೊಂಡರೆ, ಅದು ಸೇವೆಯಿಂದ ಉಲ್ಬಣಿಸಿತು ಎಂದು ಒಪ್ಪಲು ಅವಕಾಶವಿದೆ. ಆದರೆ ಎಲ್ಲ ರಜೆಗೂ ಈ ಮಾತು ಅನ್ವಯಿಸದು. ಒಬ್ಬನೇ ಮಗನಾಗಿದ್ದು ತಂದೆಯೋ ತಾಯಿಯೋ ತೀರಿಕೊಂಡಿರಬೇಕು. ಹೆಂಡತಿ ಅಥವಾ ಮಕ್ಕಳು ಸತ್ತಿರಬೇಕು. ಮನೆಯವರ ಮೇಲೆ ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧ ನಡೆದಿರಬೇಕು. ಉಗ್ರರ ಬೆದರಿಕೆ ಇರಬೇಕು. ಅಥವಾ ಒಬ್ಬನೇ ಅಣ್ಣನೋ ತಮ್ಮನೋ ಆಗಿರುವವನ ತಂಗಿ ಅಕ್ಕಂದಿರ ಮದುವೆ ಆಗಿರಬೇಕು. ಹಳ್ಳಿಯ ಮನೆಯ ಕಷ್ಟ ಗಡಿಯ ಬ್ಯಾರಕ್ಕಿನವರೆಗೂ ಹಿಂಬಾಲಿಸುತ್ತದೆ ಎಂಬ ಅರಿವು ಈ ಪಟ್ಟಿಯ ಹಿಂದೆ ಇದ್ದಂತಿದೆ. ಸರ್ಕಾರಿ ಕೈಪಿಡಿಯಲ್ಲಿ ಇಂಥ ಸೂಕ್ಷ್ಮ ಕಾಣಿಸುವುದು ಅಪರೂಪ.

ಆದರೂ ಪಟ್ಟಿಯ ತೊಂದರೆ ಪಟ್ಟಿಯದೇ. ಅದರಲ್ಲಿ ಹೆಸರಿಸಿದ್ದು ಒಳಗೆ, ಹೆಸರಿಸದ್ದು ಹೊರಗೆ ಎಂಬ ಓದು ಬೇಗ ರೂಢಿಯಾಗುತ್ತದೆ. ‘ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡಿತು, ಆದ್ದರಿಂದ ಸಂಬಂಧವಿಲ್ಲ’ ಎಂಬ ವಾಕ್ಯ ವೈದ್ಯಕೀಯ ಮಂಡಳಿಯ ವರದಿಗಳಲ್ಲಿ ಮತ್ತೆ ಮತ್ತೆ ಬರುವುದು ಹೀಗೆ. ಕಾಶ್ಮೀರ ಕಣಿವೆಯಲ್ಲಿ ಎರಡು ವರ್ಷ ಕಳೆದು ಶಾಂತಿ ಪ್ರದೇಶಕ್ಕೆ ಬಂದ ಮೇಲೆ ಕುಸಿದವರನ್ನು ಈ ವಾಕ್ಯ ಕಾಣುವುದೇ ಇಲ್ಲ. ಮಾನಸಿಕ ಆಘಾತದ ಪರಿಣಾಮ ಎಷ್ಟೋ ಸಲ ತಡವಾಗಿ ಹೊರಬರುತ್ತದೆ ಎಂಬ, ಮನೋವೈದ್ಯರು ಒಪ್ಪುವ ಸಂಗತಿಗೂ ಇದು ವಿರುದ್ಧ.

ಸರ್ಕಾರದ ಆತಂಕ

ಸಚಿವಾಲಯದ ವಾದವನ್ನು ಕೇವಲ ಜಿಪುಣತನ ಎಂದು ತಳ್ಳಿಹಾಕಲಾಗದು. 2015–16ರಿಂದ 2019–20ರ ಅವಧಿಯಲ್ಲಿ ಪ್ರತಿವರ್ಷ ನಿವೃತ್ತರಾದ ಅಧಿಕಾರಿಗಳಲ್ಲಿ ಶೇ 36ರಿಂದ 40ರಷ್ಟು ಮಂದಿ, ಅಧಿಕಾರಿಗಳಲ್ಲದ ಸಿಬ್ಬಂದಿಯಲ್ಲಿ ಶೇ 15ರಿಂದ 18ರಷ್ಟು ಮಂದಿ ಅಂಗವೈಕಲ್ಯದ ಅಂಶ ಪಡೆದರು ಎಂದು ಮಹಾಲೇಖಪಾಲರ (ಸಿಎಜಿ) 2023ರ ವರದಿ ಹೇಳಿತು. ಅದರಲ್ಲಿ ದೊಡ್ಡ ಪಾಲು ರಕ್ತದೊತ್ತಡ, ಮಧುಮೇಹದಂಥ ಜೀವನಶೈಲಿಯ ಕಾಯಿಲೆಗಳದ್ದು. ಕಾಲು ಕಳೆದುಕೊಂಡವರಿಗೆ ಮೀಸಲಾದ ಸೌಲಭ್ಯ ಮಧ್ಯವಯಸ್ಸಿನ ಸಾಮಾನ್ಯ ಕಾಯಿಲೆಗಳಿಗೂ ಹರಿದುಹೋಗುತ್ತಿದೆ, ಇದರಿಂದ ನಿಜವಾಗಿ ಗಾಯಗೊಂಡವರಿಗೆ ಅನ್ಯಾಯವಾಗುತ್ತದೆ ಎಂಬುದು ಹೊಸ ನಿಯಮಗಳ ಸಮರ್ಥನೆಗೆ ಮುಖ್ಯ ಆಧಾರ.

ಆತಂಕ ನಿಜವಾದದ್ದೇ ಇರಬಹುದು. ಆದರೆ ಅದು ಯಾರ ಬಗ್ಗೆ ಎಂಬುದನ್ನು ಬಿಡಿಸಿ ನೋಡಬೇಕು. ಪೂರ್ಣ ಸೇವೆ ಮುಗಿಸಿ, ಪೂರ್ಣ ಪಿಂಚಣಿಯೊಂದಿಗೆ ಹೊರಬರುವ ಅಧಿಕಾರಿಗೆ ಅಂಗವೈಕಲ್ಯದ ಅಂಶ ಒಂದು ಹೆಚ್ಚುವರಿ ಆದಾಯ. ಇಪ್ಪತ್ತೈದರ ಹರೆಯದಲ್ಲಿ ಮನೋರೋಗದಿಂದ ಬೋರ್ಡ್ ಔಟ್ ಆದ ಸಿಪಾಯಿಗೆ ಅದು ಇರುವ ಒಂದೇ ಆದಾಯ. ಮೊದಲ ಗುಂಪನ್ನು ನಿಯಂತ್ರಿಸಲು ಬಿಗಿ ಮಾಡಿದ ಕಾರ್ಯಕಾರಣದ ಅಳತೆ ಎರಡನೆಯ ಗುಂಪಿನ ಕುತ್ತಿಗೆಗೆ ಬಂದು ಕೂರುತ್ತದೆ. ಅಂಕಿಅಂಶಗಳ ಚರ್ಚೆಯಲ್ಲಿ ಈ ಎರಡು ಗುಂಪುಗಳನ್ನು ಬೇರ್ಪಡಿಸಿ ಮಾತಾಡುವುದು ಕಡಿಮೆ.

ತೀರ್ಪುಗಳಲ್ಲಿ ನಿಜಕ್ಕೂ ವಿರೋಧ ಇದೆಯೇ?

2013ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಎಸ್.ಜೆ. ಮುಖೋಪಾಧ್ಯಾಯ ಅವರ ಪೀಠ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಕ್ಷೇತ್ರದ ಅಡಿಗಲ್ಲು. ಪುರಾವೆಯ ಹೊಣೆ ಸರ್ಕಾರದ್ದು, ಸಂಶಯದ ಲಾಭ ಸೈನಿಕರದ್ದು, ನೇಮಕಾತಿಯಲ್ಲಿ ಕಾಯಿಲೆ ಪತ್ತೆಯಾಗುವಂತಿರಲಿಲ್ಲ ಎನ್ನುವುದಾದರೆ ಮಂಡಳಿ ಅದಕ್ಕೆ ಕಾರಣ ಬರೆಯಬೇಕು ಎಂದು ಅದು ಹೇಳಿತು. ಅದೇ ವರ್ಷ ಇನ್ನೊಂದು, ಸ್ಕಿಜೋಫ್ರೇನಿಯಾದ ಪ್ರಕರಣದಲ್ಲಿ, ದಶಕಗಳ ಹಿಂದೆ ಬಿಡುಗಡೆಯಾಗಿದ್ದ ಸೈನಿಕರನ್ನು ಹೊಸದಾಗಿ ಪರೀಕ್ಷಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. 

2019ರಲ್ಲಿ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಹೇಮಂತ್ ಗುಪ್ತಾ ಅವರ ಪೀಠ ಈ ಉದಾರತೆಗೆ ಗೆರೆ ಎಳೆಯಿತು. ನೇಮಕಾತಿಯ ದಿನ ಮನೋರೋಗವನ್ನು ಪತ್ತೆ ಹಚ್ಚುವುದು ಸಾಧ್ಯವಿಲ್ಲ, ರೋಗ ಮರುಕಳಿಸುತ್ತಾ ನಡುವೆ ಶಮನವಾಗುತ್ತಾ ಇರುವುದು ಇವುಗಳ ಸ್ವಭಾವ, ಆದ್ದರಿಂದ ಸೈನಿಕರಿಗೆ ಒಪ್ಪಿಸಿದ್ದ ಕೆಲಸ ಅಂಥ ಒತ್ತಡ ತರುವಂಥದ್ದೇ ಎಂದು ಪ್ರತಿ ಪ್ರಕರಣದಲ್ಲೂ ಪ್ರತ್ಯೇಕವಾಗಿ ನೋಡಬೇಕು ಎಂದಿತು. ವೈದ್ಯಕೀಯ ಮಂಡಳಿಯ ಅಭಿಪ್ರಾಯ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟದ್ದೇ ಆದರೂ, ಬಲವಾದ ವೈದ್ಯಕೀಯ ಪುರಾವೆ ಇಲ್ಲದೆ ಅದನ್ನು ಅಲ್ಲಗಳೆಯುವ ಪರಿಣತಿ ನ್ಯಾಯಾಲಯಗಳಿಗಿಲ್ಲ ಎಂದೂ ಹೇಳಿತು.

2025ರ ಮೇ ತಿಂಗಳ ತೀರ್ಪನ್ನು ಕೊಟ್ಟವರು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಎನ್. ಕೋಟೀಶ್ವರ್ ಸಿಂಗ್. ಅಲ್ಲಿನ ಸೈನಿಕರು 1988ರಲ್ಲಿ ಸೇರಿ, ಸುಮಾರು 9 ವರ್ಷ ದುಡಿದು, 1998ರಲ್ಲಿ ಬಿಡುಗಡೆಯಾದವರು. ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣವನ್ನೇ ಬರೆದಿರಲಿಲ್ಲ. ಕಾರಣವಿಲ್ಲದ ಅಭಿಪ್ರಾಯದ ಮೇಲೆ ನಿಂತ ನಿರಾಕರಣೆ ನಿಲ್ಲುವುದಿಲ್ಲ ಎಂದು ಪೀಠ ತೀರ್ಮಾನಿಸಿತು.

ಈಗ ಎರಡನ್ನೂ ಕೂಡಿಸಿ ಓದಬಹುದು. ಮನೋರೋಗವೆಲ್ಲ ಸೇವೆಯಿಂದಲೇ ಬಂತು ಎಂದು ಭಾವಿಸಬೇಕಿಲ್ಲ ಎನ್ನುವುದು 2019ರ ಮಾತು. ಸೇವೆಯಿಂದ ಬಂದದ್ದಲ್ಲ ಎನ್ನುವವರು ಏಕೆ ಅಲ್ಲ ಎಂದು ಬರೆಯಲೇಬೇಕು ಎನ್ನುವುದು 2025ರ ಮಾತು. ಒಂದು ಕಾಯಿಲೆಯ ಕಾರಣದ ಕುರಿತದ್ದು, ಇನ್ನೊಂದು ತೀರ್ಮಾನದ ಕಾರಣದ ಕುರಿತದ್ದು. ದೆಹಲಿ ಹೈಕೋರ್ಟ್‌ನ ಜುಲೈ ತೀರ್ಪು ಮುಖ್ಯವಾಗುವುದು ಇಲ್ಲಿಯೇ. 2008ರ ನಿಯಮಗಳಲ್ಲಿ ಹಳೆಯ ಊಹೆ ಇಲ್ಲದಿರಬಹುದು, ಆದರೆ ಅಷ್ಟರಿಂದ ವೈದ್ಯಕೀಯ ಮಂಡಳಿಗೆ ಕಾರಣ ಬರೆಯುವ ಹೊಣೆಯಿಂದ ಬಿಡುಗಡೆ ಸಿಗುವುದಿಲ್ಲ ಎಂದು ಅದು ಹೇಳಿತು. ನಿಯಮಗಳು ಮುಂಬಾಗಿಲಿನಿಂದ ಸೈನಿಕರ ಮೇಲೆ ಹೊರಿಸಿದ ಹೊಣೆಯನ್ನು ನ್ಯಾಯಾಲಯಗಳು ಪಕ್ಕದ ಬಾಗಿಲಿನಿಂದ ಮತ್ತೆ ಸರ್ಕಾರದ ಕಡೆಗೆ ತಳ್ಳುತ್ತಿವೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಕಾಗದದ ಮೇಲೆ ಕಾಣಿಸುತ್ತದೆ. ನಾಲ್ಕೇ ಅಕ್ಷರಗಳ ಅಭಿಪ್ರಾಯದ ಜಾಗದಲ್ಲಿ ಮಂಡಳಿಗಳು ಇನ್ನು ಉದ್ದನೆಯ ಟಿಪ್ಪಣಿ ಬರೆಯಬಹುದು. ಆ ಟಿಪ್ಪಣಿಗಳು ರೋಗಿಯನ್ನು ನೋಡಿ ಬರೆದವೋ, ಅಚ್ಚಿನಿಂದ ತೆಗೆದಂತೆ ಎಲ್ಲರಿಗೂ ಒಂದೇ ಬಗೆಯವೋ ಎಂಬುದರ ಮೇಲೆ ಮುಂದಿನ ವ್ಯಾಜ್ಯಗಳು ನಡೆಯುತ್ತವೆ. ವ್ಯಾಜ್ಯ ಕಡಿಮೆಯಾಗುವ ಸೂಚನೆ ಸದ್ಯಕ್ಕಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಆದೇಶಗಳನ್ನು ಹೈಕೋರ್ಟ್‌ಗಳಲ್ಲಿ ಪ್ರಶ್ನಿಸುವ ದಾರಿ 2015ರಲ್ಲಿ ಮುಚ್ಚಿ 2023ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ಬಡ ಸಿಪಾಯಿಗೆ ದೆಹಲಿಯವರೆಗೆ ಹೋಗದೆ ನ್ಯಾಯ ಸಿಗಲಿ ಎಂಬ ವಾದಕ್ಕೆ ಬಲ ಕೊಟ್ಟ ಆ ದಾರಿಯಲ್ಲಿ ಸರ್ಕಾರವೂ ನೂರಾರು ಅರ್ಜಿಗಳೊಂದಿಗೆ ಬಂದಿದೆ.

ಎರಡನೆಯದು ಬ್ಯಾರಕ್ಕಿನ ಒಳಗಿನ ಪರಿಣಾಮ. ಸೈನಿಕರ ಆರೋಗ್ಯವನ್ನು ಅಳೆಯುವ ‘ಶೇಪ್’ ಎಂಬ ಐದು ಅಕ್ಷರಗಳ ಪದ್ಧತಿಯಲ್ಲಿ ಮೊದಲ ಅಕ್ಷರ ನಿಂತಿರುವುದೇ ಮನಸ್ಸಿಗಾಗಿ. ಆ ಅಂಕ ಅತ್ಯುತ್ತಮ ದರ್ಜೆಯಾದ ಒಂದರಿಂದ ಕೆಳಗಿಳಿದರೆ ಬಡ್ತಿ, ನಿಯೋಜನೆ, ಕೈಗೆ ಆಯುಧ ಕೊಡುವುದು ಎಲ್ಲಕ್ಕೂ ತೊಡಕು. ಹಾಗಾಗಿ ನಿದ್ರೆ ಬಾರದಿರುವುದನ್ನು, ಗಾಬರಿಯನ್ನು, ದುಃಸ್ವಪ್ನಗಳನ್ನು ಹೇಳಿಕೊಳ್ಳದವರೇ ಹೆಚ್ಚು. ಹೇಳಿಕೊಳ್ಳದಿದ್ದರೆ ಚಿಕಿತ್ಸೆಯ ದಾಖಲೆ ಇರುವುದಿಲ್ಲ. ದಾಖಲೆ ಇಲ್ಲದಿದ್ದರೆ ಕಾರ್ಯಕಾರಣ ಸಂಬಂಧ ತೋರಿಸುವುದು ಹೇಗೆ? ಹೇಳಿಕೊಂಡವರ ವಿಷಯದಲ್ಲಿಯೂ ನಿರ್ಣಾಯಕ ಕಾಗದ ಅವರ ಕೈಯಲ್ಲಿರುವುದಿಲ್ಲ. ಮನೋರೋಗದ ಶಂಕೆ ಬಂದಾಗ ಎಎಫ್‌ಎಂಎಸ್‌ಎಫ್-10 ಎಂಬ ನಮೂನೆಯಲ್ಲಿ ಘಟಕದ ಕಮಾಂಡಿಂಗ್ ಅಧಿಕಾರಿ ಸೈನಿಕರ ವರ್ತನೆ, ಕೆಲಸ, ಹಿನ್ನೆಲೆಗಳ ಬಗ್ಗೆ ಗೌಪ್ಯ ವರದಿ ಬರೆಯುತ್ತಾರೆ. ರಜೆ ಕೊಡದೇ ಇದ್ದದ್ದು ಇದೇ ಘಟಕ. ಅದರಿಂದ ಒತ್ತಡವಾಯಿತೇ ಎಂದು ಬರೆಯುವುದೂ ಇದೇ ಘಟಕ. ಕಾರ್ಯಕಾರಣದ ಅಳತೆ ಬಿಗಿಯಾದಷ್ಟೂ ಈ ಒಂದು ನಮೂನೆಯ ತೂಕ ಹೆಚ್ಚುತ್ತದೆ.

ಮೂರನೆಯದು ಇನ್ನೂ ಎದುರಿಗೆ ಬಂದಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಮೊದಲ ತಂಡಗಳ ನಾಲ್ಕು ವರ್ಷಗಳ ಅವಧಿ 2026ರ ಕೊನೆ ಮತ್ತು 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಅಗ್ನಿವೀರರಿಗೆ ಪಿಂಚಣಿ ಇಲ್ಲ, ಇಸಿಎಚ್‌ಎಸ್ ಕೂಡ ಇಲ್ಲ. ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ಅಂಗವೈಕಲ್ಯಕ್ಕೆ ಒಂದು ಸಲದ ಪರಿಹಾರವಾಗಿ ಶೇ 100ಕ್ಕೆ 44 ಲಕ್ಷ, ಶೇ 75ಕ್ಕೆ 25 ಲಕ್ಷ, ಶೇ 50ಕ್ಕೆ 15 ಲಕ್ಷ ರೂಪಾಯಿ ನಿಗದಿಯಾಗಿದೆ. ಅಂದರೆ ಇಲ್ಲಿಯೂ ಅದೇ ಎರಡು ಪದಗಳು, ಅದೇ ಮಂಡಳಿ, ಅದೇ ವಯಸ್ಸು. ವ್ಯತ್ಯಾಸ ಇಷ್ಟೇ: ತಿಂಗಳ ಪಿಂಚಣಿಯನ್ನು ಹತ್ತು ವರ್ಷದ ಬಳಿಕವಾದರೂ ನ್ಯಾಯಾಲಯ ಮರಳಿ ಕೊಡಿಸಬಹುದು, ಆದರೆ ನಾಲ್ಕು ವರ್ಷ ದುಡಿದು ಊರಿಗೆ ಮರಳಿ, ಐದನೇ ವರ್ಷದಲ್ಲಿ ಕಾಯಿಲೆ ಬಿದ್ದ ಇಪ್ಪತ್ತೆರಡರ ಯುವಕರನ್ನು ಪರೀಕ್ಷಿಸಲು ಯಾವ ಮಂಡಳಿ ಕೂರಬೇಕು ಎಂಬುದೇ ಮೊದಲು ತೀರ್ಮಾನವಾಗಬೇಕು.